ಇಂದಿನ ಧಮ್ಮ ಚಿಂತನೆ: ಗೋಡೆಯೊಳಗೆ ಕೂತವನು



ನೋವು ತಿಂದವನು ತನ್ನ ಸುತ್ತ ಗೋಡೆ ಕಟ್ಟಿಕೊಂಡರೆ ಅದು ತಪ್ಪೇ? ಇವತ್ತು ಈ ಪ್ರಶ್ನೆಯನ್ನು ಹಾಡುಗಳಲ್ಲಿ ಹೇಳಿದ ಒಂದು ಕಥೆಯ ಮೂಲಕ ನೋಡೋಣ.

ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಎಂಬ ರಾಕ್ ಸಂಗೀತ ತಂಡ 1979ರ ನವೆಂಬರಿನಲ್ಲಿ 'ದಿ ವಾಲ್' ಎಂಬ ಆಲ್ಬಂ ಹೊರತಂದಿತು. ವಾಲ್ ಅಂದರೆ ಗೋಡೆ. ಹಾಡುಗಳು 26, ಆದರೆ ಎಲ್ಲ ಸೇರಿ ಒಂದೇ ಕಥೆ. ಬಹುಪಾಲು ಬರೆದವರು ರೋಜರ್ ವಾಟರ್ಸ್. 1977ರ ಜುಲೈನಲ್ಲಿ ಕೆನಡಾದ ಮಾಂಟ್ರಿಯಲ್‌ನ ದೊಡ್ಡ ಕ್ರೀಡಾಂಗಣದಲ್ಲಿ ಹಾಡುವಾಗ ಅವರು ಸಿಟ್ಟಿನ ಭರದಲ್ಲಿ ಅಭಿಮಾನಿಯೊಬ್ಬನ ಮೇಲೆ ಉಗುಳಿಬಿಟ್ಟರು. ಆಮೇಲೆ ತಮ್ಮ ಬಗ್ಗೆ ತಮಗೇ ಅಸಹ್ಯವಾಯಿತು. ತನಗೂ ಜನರಿಗೂ ನಡುವೆ ಗೋಡೆ ಎದ್ದಿದೆಯಲ್ಲ ಎಂಬ ಆ ಯೋಚನೆಯೇ ಈ ಕೃತಿಯ ಬೀಜ.

ಕಥೆಯ ನಾಯಕ ಪಿಂಕ್. ತಂದೆ ಯುದ್ಧದಲ್ಲಿ ಸತ್ತ. (ವಾಟರ್ಸ್ ಅವರ ತಂದೆಯೂ 1944ರಲ್ಲಿ ಇಟಲಿಯ ಯುದ್ಧಭೂಮಿಯಲ್ಲಿ ತೀರಿಕೊಂಡರು, ಆಗ ಮಗುವಿಗೆ ಐದು ತಿಂಗಳು.) ಶಾಲೆಯಲ್ಲಿ ಮೇಷ್ಟ್ರು ಹೀಯಾಳಿಸಿದರು. ತಾಯಿಯ ಅತಿಯಾದ ಕಾಳಜಿ ಉಸಿರು ಕಟ್ಟಿಸಿತು. ಮದುವೆ ಮುರಿಯಿತು. ಒಂದೊಂದು ನೋವೂ ಒಂದೊಂದು ಇಟ್ಟಿಗೆ. ಕೊನೆಗೆ ಗೋಡೆ ಪೂರ್ತಿಯಾಯಿತು. ಒಳಗೆ ಅವನೊಬ್ಬನೇ. ಇಟ್ಟಿಗೆ ಕೊಟ್ಟವರು ಬೇರೆಯವರು, ಕಟ್ಟಿದವನು ಅವನೇ.

ಹಾಗಂತ ಅವನನ್ನು ದೂರುವ ಮೊದಲು ನಮ್ಮನ್ನು ನೋಡಿಕೊಳ್ಳೋಣ. ಬಾಡಿಗೆ ಮನೆ ಕೇಳಲು ಹೋದಾಗ ಊರು, ಹೆಸರು, ಊಟ ವಿಚಾರಿಸಿ ಬಾಗಿಲು ಹಾಕಿದ್ದನ್ನು ಕಂಡವರು ನಾವು. ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ ಮೂಲೆಗೆ ಸರಿಯುವ ತಮ್ಮ ತಂಗಿಯರು ನಮ್ಮಲ್ಲಿದ್ದಾರೆ. ಅವರಿಗೆ ಮೌನವೇ ರಕ್ಷಣೆ. ಜಾತಿಯೆಂಬುದು ಇಟ್ಟಿಗೆಯ ಗೋಡೆಯಲ್ಲ, ಅದು ಮನಸ್ಸಿನ ಸ್ಥಿತಿ ಎಂದು ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ'ದಲ್ಲಿ ತಿಳಿಸಿದರು. ಆ ಗೋಡೆ ಕಟ್ಟಿದವರು ನಾವಲ್ಲ. ಅದನ್ನು ಕೆಡವುವ ಹೊಣೆಯನ್ನು ನೊಂದವರ ತಲೆಗೇ ಕಟ್ಟುವುದು ಅನ್ಯಾಯ.

ಆದರೆ ಗೋಡೆಯೊಳಗೆ ಪಿಂಕ್‌ಗೆ ಶಾಂತಿ ಸಿಕ್ಕಿತೇ? ಇಲ್ಲ. ಔಷಧದ ಅಮಲಿನಲ್ಲಿ ಅವನು ತಾನೊಬ್ಬ ಸರ್ವಾಧಿಕಾರಿ ಎಂದು ಭ್ರಮಿಸುತ್ತಾನೆ. ಸಭೆಯಲ್ಲಿರುವ ಯಹೂದಿಯರನ್ನು, ಕಪ್ಪು ಜನರನ್ನು ಗುರುತಿಸಿ ಅವರ ಮೇಲೆ ಜನರನ್ನು ಎತ್ತಿಕಟ್ಟುತ್ತಾನೆ. ತುಳಿಸಿಕೊಂಡವನೇ ತುಳಿಯುವವನಾದ! ಗೋಡೆ ಹೊರಗಿನ ಕಲ್ಲನ್ನು ಮಾತ್ರ ತಡೆಯುವುದಿಲ್ಲ, ಇನ್ನೊಬ್ಬರ ಅಳುವನ್ನೂ ತಡೆಯುತ್ತದೆ. ನಾವೇ ಒಳಪಂಗಡ ನೋಡಿ ಸಂಬಂಧ ಬೇಡವೆಂದಾಗ, ಹೊರಗೆ ಸಮತೆ ಮಾತಾಡಿ ಮನೆಯ ಹೆಣ್ಣುಮಕ್ಕಳ ಬಾಯಿ ಮುಚ್ಚಿಸಿದಾಗ, ನಾವೂ ಇಟ್ಟಿಗೆ ಇಡುತ್ತಿದ್ದೇವೆ.

ಹಾಗಾದರೆ ಏಕಾಂತ ತಪ್ಪೇ? ಅಲ್ಲ. ಭಗವಾನ್ ಬುದ್ಧರು ಏಕಾಂತವನ್ನು ಮೆಚ್ಚಿದರು. ಆದರೆ ಕಾಡಿನಲ್ಲಿ ಧ್ಯಾನಕ್ಕೆ ಕೂತ ಭಿಕ್ಖು ಬೆಳಿಗ್ಗೆ ಪಾತ್ರೆ ಹಿಡಿದು ಊರಿಗೆ ಬರಲೇಬೇಕಿತ್ತು. ಏಕಾಂತಕ್ಕೆ ಬಾಗಿಲಿದೆ, ಗೋಡೆಗೆ ಬಾಗಿಲಿಲ್ಲ. ಕಲ್ಯಾಣಮಿತ್ರರ ಒಡನಾಟ ಧಮ್ಮಜೀವನದ ಅರ್ಧ ಭಾಗ ಎಂದು ಆನಂದರು ಹೇಳಿದಾಗ, ಅರ್ಧವಲ್ಲ, ಅದೇ ಪೂರ್ತಿ ಎಂದು ಬುದ್ಧರು ತಿದ್ದಿದರು.

1980ರಲ್ಲಿ ಇದೇ ಆಲ್ಬಂನ ಶಾಲೆಯ ಹಾಡನ್ನು ದಕ್ಷಿಣ ಆಫ್ರಿಕಾದ ವಿದ್ಯಾರ್ಥಿಗಳು ವರ್ಣಭೇದದ ಶಿಕ್ಷಣದ ವಿರುದ್ಧ ಒಟ್ಟಾಗಿ ಹಾಡಿದರು. ಸರ್ಕಾರ ಹಾಡನ್ನೇ ನಿಷೇಧಿಸಿತು. ಒಬ್ಬನ ಒಂಟಿತನದಿಂದ ಹುಟ್ಟಿದ ಹಾಡು ಆ ಮಕ್ಕಳ ಒಗ್ಗಟ್ಟಿನ ಹಾಡಾಯಿತು. ನೋವು ಬಚ್ಚಿಟ್ಟರೆ ಇಟ್ಟಿಗೆ, ಹಂಚಿಕೊಂಡರೆ ಸಂಘಟನೆ.

ಕಥೆಯ ಕೊನೆಗೆ ಗೋಡೆ ಬೀಳುತ್ತದೆ. ಆದರೆ ಆಲ್ಬಂನ ಕೊನೆಯಲ್ಲಿ ಅರ್ಧಕ್ಕೆ ನಿಲ್ಲುವ ಮಾತು ಅದರ ಆರಂಭದಲ್ಲಿ ಪೂರ್ತಿಯಾಗುತ್ತದೆ. ಅಂದರೆ ಬಿದ್ದ ಗೋಡೆ ಮತ್ತೆ ಏಳಬಹುದು. ಆದ್ದರಿಂದಲೇ ಮೈತ್ರಿ ಒಂದು ದಿನದ ವ್ರತವಲ್ಲ, ದಿನದಿನದ ಅಭ್ಯಾಸ.

*ಇಂದಿನ ಅಭ್ಯಾಸ:* ಬಹಳ ದಿನದಿಂದ ಯಾರಿಗೂ ಹೇಳದ ಒಂದು ನೋವನ್ನು ನಂಬಿಕೆಯ ಒಬ್ಬ ಕಲ್ಯಾಣಮಿತ್ರರಿಗೆ ಹೇಳಿ. ಇನ್ನೊಬ್ಬರ ಒಂದು ನೋವನ್ನು, ನಡುವೆ ಬಾಯಿ ಹಾಕದೆ, ಬುದ್ಧಿ ಹೇಳದೆ, ಪೂರ್ತಿ ಕೇಳಿ.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ, ಜೈ ಭೀಮ್ 🙏