ಹುಳದ ಹೆಸರು

ರಾತ್ರಿ ಉಂಡು ಕೂತು, ಟಿವಿಯವರು ಯಾರನ್ನೋ ಕೇಳಿದ ಪ್ರಶ್ನೆಗೆ ನಾವು ಮನೆಯಿಂದಲೇ ಉತ್ತರ ಕೂಗುವುದು. ಕೊಳ್ಳೇಗಾಲದ ಆಚೆಯ ನಮ್ಮ ಕೇರಿಯಲ್ಲಿ ಈ ಆಟ ಆಡದ ಹುಡುಗರಿಲ್ಲ. ಚಂದನದಲ್ಲಿ ‘ಥಟ್ ಅಂತ ಹೇಳಿ’ ಶುರುವಾದದ್ದು 2002ರಲ್ಲಿ. ಕೇಳುವವರು ನಾ. ಸೋಮೇಶ್ವರ. ಸರಿ ಹೇಳಿದವರಿಗೆ ದುಡ್ಡಲ್ಲ, ಪುಸ್ತಕ. ಅದನ್ನು ಕಂಡರೆ ನಮ್ಮ ಹೊಟ್ಟೆ ಉರಿಯುತ್ತಿತ್ತು. ನಮ್ಮ ಮನೆಯಲ್ಲಿದ್ದ ಪುಸ್ತಕಗಳೆಂದರೆ ಸರ್ಕಾರ ಪುಕ್ಕಟೆ ಕೊಟ್ಟ ಪಠ್ಯಗಳು ಮತ್ತು ರೇಷನ್ ಕಾರ್ಡು. ಆಮೇಲೆ 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ ಬಂತು. 1998ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, 2000ದಲ್ಲಿ ಅಮಿತಾಭ್ ಬಚ್ಚನ್ ಬಾಯಲ್ಲಿ ಹಿಂದಿಯಾಗಿ, ಕೊನೆಗೆ ಪುನೀತ್ ರಾಜ್‌ಕುಮಾರ್ ಕೈಹಿಡಿದು ನಮ್ಮ ಹಟ್ಟಿಯ ತನಕ ಬಂದ ಆಟ ಅದು. ಬಹುಮಾನ ಒಂದು ಕೋಟಿ. ಕೋಟಿಗೆ ಸೊನ್ನೆ ಎಷ್ಟು ಅಂತ ಅಪ್ಪ ಕೇಳಿದರು. ಆ ಪ್ರಶ್ನೆಗೂ ಉತ್ತರ ಹೇಳಿದವರು ನಾವೇ.

ಈ ಆಟವನ್ನು ಹೀಗಳೆಯಲು ನಾವು ಕೂತಿಲ್ಲ. ನಮ್ಮ ಹಿರೀಕರನ್ನು ಯಾರು ಏನು ಕೇಳಿದ್ದರು? “ಯಾರ ಮಗನ್ಲಾ ನೀನು? ಯಾವ ಕೇರಿ?” ಅದು ಪ್ರಶ್ನೆಯಲ್ಲ, ಎಷ್ಟು ದೂರ ನಿಲ್ಲಿಸಬೇಕು ಅನ್ನುವ ಅಳತೆ. ನಮ್ಮ ಅಣ್ಣಂದಿರು ಊರಿನವರ ಕಿಟಕಿಯಾಚೆ ನಿಂತು ಟಿವಿ ನೋಡಿದವರು. ನಮ್ಮ ಕಾಲಕ್ಕೆ ಟಿವಿ ನಮ್ಮ ಮನೆಯೊಳಕ್ಕೇ ಬಂತು. ಕೇರಿ ಕೇಳದೆ ಪ್ರಶ್ನೆ ಹಾಕಿತು. ನಾವು ಹೇಳಿದೆವು ಅಂತ ಸರಿ ಉತ್ತರಕ್ಕೆ ಮೈಲಿಗೆಯಾಗಲಿಲ್ಲ. ನಾಟಕಕಾರ ಸಂಸರ ಊರು ಯಾವುದು ಅಂದರೆ ಯಳಂದೂರಿನ ಗೆಳೆಯ “ಅಗರ! ನಮ್ ತಾಲ್ಲೂಕು ಕನ್ರೋ!” ಅಂತ ಎದ್ದು ನಿಲ್ಲುತ್ತಿದ್ದ. ಆ ಸುಖ ಸುಳ್ಳಲ್ಲ.

ಒಂದು ರಾತ್ರಿ ಟಿವಿಯಲ್ಲಿ ಕೇಳಿದರು: ರೇಷ್ಮೆ ಹುಳುವಿನ ವೈಜ್ಞಾನಿಕ ಹೆಸರೇನು?

ನಮ್ಮವ್ವ ಮೂಲೆಯಲ್ಲಿ ಕೂತು ಕೈಗೆ ಎಣ್ಣೆ ಸವರಿಕೊಳ್ಳುತ್ತಿದ್ದಳು. ಅವಳು ನೂಲು ತೆಗೆಯುವ ಕೂಲಿಗೆ ಹೋಗುವವಳು. ಗೂಡು ಕುದಿಯುವ ನೀರಿಗೆ ಕೈ ಅದ್ದಿ ಎಳೆಯ ತುದಿ ಹುಡುಕಬೇಕು. ಎಂಟು ಹತ್ತು ಗೂಡಿನ ಎಳೆ ಕೂಡಿಸಿದರೆ ಒಂದು ನೂಲು. ಒಂದು ಗೂಡು ತೆಳ್ಳಗಾಗಿ ಒಳಗಿನ ಹುಳ ಕಾಣುತ್ತಲೇ ಇನ್ನೊಂದರ ಎಳೆ ಸೇರಿಸಬೇಕು, ಚರಕ ನಿಲ್ಲಬಾರದು. ಬೆರಳ ತುದಿ ಬೆಳ್ಳಗೆ ಬೆಂದು ಸುಲಿದಿರುತ್ತದೆ. ಸತ್ತ ಹುಳದ ವಾಸನೆ ಸೋಪಿಗೂ ಹೋಗುವುದಿಲ್ಲ. ಆ ಕೈ ನಮ್ಮ ಬಾಯಿಗೆ ಮುದ್ದೆ ಇಟ್ಟಾಗಲೂ ಆ ವಾಸನೆ ಇರುತ್ತಿತ್ತು.

ಅವಳು ಆವತ್ತು ಮೊದಲ ಸಲ ಬಾಯಿಬಿಟ್ಟಳು. “ಹುಳಕ್ಕ ಬ್ಯಾರೆ ಹೆಸರ್ಯಾಕ ಮಗ? ಹುಳ ಅಂದ್ರ ಹುಳ ಕನ.”

ನಾವು ನಕ್ಕೆವು. ಮನೆಯವರೆಲ್ಲ ನಕ್ಕರು. “ಬಾಂಬಿಕ್ಸ್ ಮೋರಿ ಕನವ್ವ” ಅಂದೆವು. ಟಿವಿಯೂ ಅದನ್ನೇ ಹೇಳಿತು. ಅವ್ವ ಸಿಟ್ಟಾಗಲಿಲ್ಲ. ಎಣ್ಣೆಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು, ಅಷ್ಟೆ.

ಈ ನಗು ನಮ್ಮ ಎದೆಯಲ್ಲಿ ಮುಳ್ಳಾಗಿ ಉಳಿದಿದೆ. ಅವ್ವನ ಅರಿವೇ ನಿಜವಾದ ಅರಿವು, ಪುಸ್ತಕದ್ದು ಪೊಳ್ಳು ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ಹಾಗೆ ಹೇಳಿ ಅವ್ವನಿಗೆ ಹಾರ ಹಾಕುವವರನ್ನು ಸಭೆಗಳಲ್ಲಿ ನಾವು ಕಂಡಿದ್ದೇವೆ. ಅವರಲ್ಲಿ ಹೆಚ್ಚಿನವರ ತಾಯಂದಿರು ಗೂಡು ಬೇಯಿಸಿದವರಲ್ಲ. ನಮ್ಮವ್ವ ನಮ್ಮನ್ನು ಶಾಲೆಗೆ ಅಟ್ಟಿದ್ದೇ ತನ್ನ ಬೆರಳಿಗೆ ಗೊತ್ತಿರುವುದು ನಮ್ಮ ಬೆರಳಿಗೆ ಗೊತ್ತಾಗದಿರಲಿ ಅಂತ. ಲ್ಯಾಟಿನ್ ಹೆಸರು ಕಲಿತದ್ದು ತಪ್ಪಲ್ಲ. ಅವಳಿಗದು ಬಾರದ್ದೂ ತಪ್ಪಲ್ಲ. ತಪ್ಪಾದದ್ದು ಆ ನಗು. ಅದನ್ನು ನಾವು ಎಲ್ಲಿ ಕಲಿತೆವು? ಒಂದನೇ ಕ್ಲಾಸಿನಲ್ಲಿ ನಾವು ‘ಹಾಲು’ ಅನ್ನಲು ‘ಆಲು’ ಅಂದಾಗ ಮೇಷ್ಟ್ರೊಬ್ಬರು ನಕ್ಕಿದ್ದರು. ಕ್ಲಾಸೆಲ್ಲ ನಕ್ಕಿತ್ತು. ಆ ನಗುವನ್ನೇ ನಾವು ಹದಿನೈದು ವರ್ಷ ಜೋಪಾನವಾಗಿಟ್ಟುಕೊಂಡು, ಡಿಗ್ರಿಯ ಜೊತೆ ಮನೆಗೆ ತಂದು ಅವ್ವನ ಮುಂದೆ ಸುರಿದೆವು.

ಸಾಮಾನ್ಯ ಜ್ಞಾನ ಅನ್ನುತ್ತಾರೆ. ಸಾಮಾನ್ಯರ ಜ್ಞಾನ ಅಂತ ಅದರ ಅರ್ಥವಲ್ಲ. ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಯಾವ ವರ್ಷ? 1902. ಎಲ್ಲಿಗೆ ಹೋಯಿತು? ಕೋಲಾರದ ಚಿನ್ನದ ಗಣಿಗೆ. ಎರಡಕ್ಕೂ ನಾವು ಥಟ್ಟನೆ ಹೇಳುತ್ತೇವೆ. ಆ ನೀರು ಧುಮುಕುವ ಸದ್ದು ಕೇಳುವಷ್ಟು ಹತ್ತಿರದ ಗುಡಿಸಲಿಗೆ ಕರೆಂಟು ಬಂದದ್ದು ಯಾವ ವರ್ಷ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಮಹಾಡದ ಕೆರೆ ನೀರು ಮುಟ್ಟಿದ್ದು 1927. ನಿಮ್ಮೂರಿನ ಕೆರೆ? ಹನೂರು ಕಡೆಯ ಗೆಳೆಯನೊಬ್ಬನ ತಾತ ಮಾದಪ್ಪನ ಕತೆಯನ್ನು ಬೆಳತನಕ ಹಾಡುತ್ತಿದ್ದವರು. ಪೊಲೀಸು ಪರೀಕ್ಷೆಗೆ ಓದುವಾಗ ಆ ಗೆಳೆಯ ಬಾಯಿಪಾಠ ಮಾಡಿದ: ಕಂಸಾಳೆ ಯಾವ ದೇವರಿಗೆ ಸಂಬಂಧಿಸಿದ ಕಲೆ, ನಾಲ್ಕು ಆಯ್ಕೆ, ಒಂದು ಅಂಕ. ತಾತನ ಒಂದಿಡೀ ರಾತ್ರಿಗೆ ಒಂದು ಅಂಕ. ಆದರೂ ಆ ಒಂದು ಅಂಕ ಅವನಿಗೆ ಬೇಕು. ಅದು ಸಿಗದಿದ್ದರೆ ಅವನಿಗೆ ಕೆಲಸವಿಲ್ಲ. ಇದನ್ನು ಮರೆತು ಮಾತಾಡಿದರೆ ನಾವೂ ಹಾರ ಹಾಕುವವರ ಸಾಲಿಗೇ ಸೇರುತ್ತೇವೆ.

ಕೋಟ್ಯಧಿಪತಿ ಆಟದಲ್ಲಿ ಗೊತ್ತಿಲ್ಲದಿದ್ದರೆ ಗೆಳೆಯರಿಗೆ ಫೋನು ಮಾಡಬಹುದಿತ್ತು. ಮೂವತ್ತು ಸೆಕೆಂಡು. ಕುರ್ಚಿಯಲ್ಲಿ ಕೂತವರು ಮಾವನಿಗೋ ಪ್ರೊಫೆಸರಿಗೋ ವಕೀಲ ಗೆಳೆಯನಿಗೋ ಮಾಡುತ್ತಿದ್ದರು. ನಾವು ಆ ಕುರ್ಚಿಯಲ್ಲಿ ಕೂತರೆ ಯಾರಿಗೆ ಮಾಡುವುದು ಅಂತ ಎಷ್ಟೋ ಸಲ ಯೋಚಿಸಿದ್ದೇವೆ. ಮನೆಯಲ್ಲಿ ಮೊದಲು ಓದಿದವರು ನಾವು. ನಮಗಿಂತ ಹಿಂದೆ ಯಾರೂ ಇಲ್ಲ. ಇಡೀ ಕೇರಿ ನಮಗೇ ಫೋನು ಮಾಡುತ್ತದೆ. ಸಂಘದ ಸಾಲದ ನೋಟೀಸಿನಲ್ಲಿ ಏನದೆ, ಆಧಾರಿನಲ್ಲಿ ಹೆಸರು ತಪ್ಪಾದರೆ ಎಲ್ಲಿಗೆ ಹೋಗಬೇಕು, ಹೈದನ್ನ ಯಾವ ಕಾಲೇಜಿಗೆ ಸೇರಿಸೋದು. ನಾವು ಹೇಳುತ್ತೇವೆ. ಕೆಲವು ಸಲ ತಪ್ಪು ಹೇಳಿದ್ದೇವೆ. ಅದಕ್ಕೆ ಕೇರಿ ನಕ್ಕಿಲ್ಲ.

ಮೊನ್ನೆ ಅವ್ವ ಫೋನು ಮಾಡಿದಳು. ಆಸ್ಪತ್ರೆಯಲ್ಲಿ ಹೊಸ ಮಾತ್ರೆ ಬರೆದುಕೊಟ್ಟಿದ್ದಾರೆ, ಚೀಟಿಯ ಫೋಟೋವನ್ನು ಪಕ್ಕದ ಮನೆ ಹುಡುಗಿ ಕಳಿಸಿದ್ದಾಳೆ. “ಇದ ಉಣ್ಣಕ ಮುಂಚೆ ನುಂಗಬೇಕಾ, ಉಂಡ ಮ್ಯಾಲಾ? ಹೇಳು ಮಗ, ಅನ್ನ ಆರೋಯ್ತಾ ಅದ” ಅಂದಳು. ಇದ್ದದ್ದು ಎರಡೇ ಆಯ್ಕೆ. ಫೋಟೋ ದೊಡ್ಡದು ಮಾಡಿ ನೋಡಿದೆವು. ಮಾತ್ರೆಯ ಹೆಸರು ಓದಲು ಬಂತು. ಅಷ್ಟೇ ಬಂದದ್ದು.

“ತಡಿಯವ್ವ, ಕೇಳಿ ಹೇಳ್ತೀನಿ” ಅಂದು ಫೋನಿನಲ್ಲಿದ್ದ ಹೆಸರುಗಳನ್ನು ಮೇಲಿಂದ ಕೆಳಕ್ಕೆ ನೋಡತೊಡಗಿದೆವು. ಅವ್ವ ಫೋನು ಇಡದೆ ಕಾಯುತ್ತಿದ್ದಳು.