ಪಾಪ ಮಾಡಿದವರು ಯಾರು? (ಯೋಹಾನ 9)

ಯೋಹಾನ 9ನೇ ಅಧ್ಯಾಯ ತೆಗೆಯಿರಿ. ಹುಟ್ಟುಕುರುಡನನ್ನು ಕಂಡ ಕೂಡಲೇ ಶಿಷ್ಯರು ಕೇಳಿದ್ದು, ಪಾಪ ಇವನದ್ದಾ, ಅಪ್ಪ ಅಮ್ಮನದ್ದಾ ಅಂತ. ಯೇಸು ಎರಡೂ ಅಲ್ಲ ಅಂದರು. ಆದರೂ ಆ ಪ್ರಶ್ನೆ ನಮ್ಮ ಬಾಯಿಂದ ಹೋಗಿಲ್ಲ.

ಆಟಿಸಂ ಇರುವ ಮಕ್ಕಳ ತಾಯಂದಿರನ್ನು ಕೇಳಿ ನೋಡಿ. ಕೊಪ್ಪದಲ್ಲೊಬ್ಬರು ಶಾಪ ಅಂತಾರೆ, ಶೃಂಗೇರಿ ಬಸ್ಸಲ್ಲಿ ಇನ್ನೊಬ್ಬರು ತಾಯಿ ಮೊಬೈಲ್ ಕೊಟ್ಟು ಹಾಳು ಮಾಡಿದ್ಲು ಅಂತಾರೆ. ಓದಿದವರೂ ಕಡಿಮೆಯಿಲ್ಲ. 1943ರಲ್ಲಿ ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಇಂಥ 11 ಮಕ್ಕಳ ಬಗ್ಗೆ ಬರೆದರು. ಆಮೇಲೆ ಎಷ್ಟೋ ವರ್ಷ, ತಾಯಿಗೆ ಪ್ರೀತಿ ಇಲ್ಲದ್ದೇ ಕಾರಣ ಅಂತ ದೊಡ್ಡ ದೊಡ್ಡವರೇ ಹೇಳಿದ್ರು. 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ಪುಸ್ತಕ ಬರೆದು ಅದು ತಪ್ಪು ಅಂದರು. ಅವರ ಸ್ವಂತ ಮಗನಿಗೇ ಆಟಿಸಂ ಇತ್ತು.

ನಾನೂ ತಪ್ಪಿತಸ್ಥ. ಅವರ ಒಪ್ಪಿಗೆ ಕೇಳಿಯೇ ಹೇಳ್ತಿದ್ದೇನೆ. ಎನ್.ಆರ್. ಪುರ ಕಡೆಯ ಒಂದು ಕುಟುಂಬ ಪ್ರಾರ್ಥನೆಗೆ ಬಂತು. ಶೀಟಿನ ಮೇಲೆ ಮಳೆ, ಒಳಗೆ ಡ್ರಮ್ಸು, ನನ್ನ ಕೈಲಿ ಮೈಕು. ಹುಡುಗ ಕಿವಿ ಮುಚ್ಚಿಕೊಂಡು ಕಿರುಚಿದ. ನಾನು ದುರಾತ್ಮ ಅಂದುಕೊಂಡು ಇನ್ನೂ ಜೋರಾಗಿ ಗದರಿಸಿದೆ.

ಕೂಟ ಮುಗಿದ ಮೇಲೆ ತಂದೆ ನೆಲ ನೋಡ್ತಾ ಹೇಳಿದ್ರು: "ಪಾಸ್ಟರ್, ಶಬ್ದಕ್ಕೆ ನನಗೂ ಹಿಂಗೇ ಆಗ್ತದೆ. ಮಗನ್ನ ತೋರಿಸೋಕೆ ಹೋದಾಗ್ಲೇ ಗೊತ್ತಾಗಿದ್ದು, ನನಗೂ ಆಟಿಸಂ ಅಂತ. 38 ವರ್ಷ ಅಹಂಕಾರಿ ಅನ್ನಿಸ್ಕೊಂಡೆ. ಇದು ಬಿಟ್ಟು ಹೋಗ್ಲಿ ಅಂತ ಪ್ರಾರ್ಥಿಸಿದ್ರೆ, ಆಮೇಲೆ ಉಳಿಯೋನು ಯಾರು?"

ನನಗೆ ಉತ್ತರ ಬರಲಿಲ್ಲ. ದೇವರು ಸ್ವಸ್ಥಮಾಡ್ತಾರೆ ಅಂತ ನಂಬುವವರು ನಾವು, ಅದನ್ನು ನಾನು ಬಿಡಲ್ಲ. ಆದರೆ ಸ್ವಸ್ಥತೆ ಅಂದ್ರೆ ಅವರು ನನ್ನ ಹಾಗೆ ಆಗೋದು ಅಂತ ನನಗೆ ಹೇಳಿದ್ದು ಯಾರು? ಆ ರಾತ್ರಿ ಮಾರ್ಕ 7 ಓದಿದೆ. ಯೇಸು ಆ ಕಿವುಡನನ್ನು ಮುಟ್ಟುವ ಮೊದಲು ಗುಂಪಿನಿಂದ ಆಚೆ ಕರೆದುಕೊಂಡು ಹೋದರು. ಬೈಬಲ್ ಕಾಲೇಜಲ್ಲಿ ಎಷ್ಟು ಸಲ ಓದಿದ್ದೆನೋ, ಈ ಮಾತು ಕಣ್ಣಿಗೆ ಬಿದ್ದಿರಲಿಲ್ಲ.

ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಹುಡುಗ ನನ್ನ ಕಡೆ ನೋಡಲಿಲ್ಲ, ಅಂಗಳದಲ್ಲಿ ಅಡಿಕೆ ಸಾಲಾಗಿ ಜೋಡಿಸ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಒಂದು ಅಡಿಕೆ ನನ್ನ ಕೈಲಿಟ್ಟ. ಎಲ್ಲಿಡಬೇಕು ಅಂತ ತಂದೆ ತೋರಿಸಿದ್ರು.

ಇನ್ನೊಂದು ಮಾತು. 2016ರ ಕಾನೂನಿನ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ, ದೊಡ್ಡವರಿಗೂ ಅನ್ವಯಿಸ್ತದೆ. ಯುಡಿಐಡಿ ಕಾರ್ಡಿನ ಅರ್ಜಿ ತುಂಬಲು ಯೌವನಸ್ಥರು ಸಹಾಯ ಮಾಡಿ. ಬರುವ ಭಾನುವಾರದಿಂದ ಹಿಂದಿನ ಸ್ಪೀಕರ್ ಬಂದ್. ಬಾಗಿಲ ಹತ್ತಿರದ ಮೂರು ಕುರ್ಚಿ ಅವರಿಗೆ. ಹುಡುಗ ಎದ್ದು ಓಡಾಡಿದ್ರೆ ಯಾರೂ ತಿರುಗಿ ನೋಡಬೇಡಿ. ಈಗ ಪ್ರಾರ್ಥನೆ ಮಾಡೋಣ, ಮೆಲ್ಲಗೆ.