ಪಾನವೂ ಪರಿಮಿತಿಯೂ

ಮನುಷ್ಯನು ಸೇವಿಸುವ ಪದಾರ್ಥಗಳಲ್ಲಿ ಮದ್ಯದಷ್ಟು ಪರಸ್ಪರ ವಿರುದ್ಧವಾದ ತೀರ್ಪುಗಳಿಗೆ ಗುರಿಯಾದುದು ಮತ್ತೊಂದಿಲ್ಲ. ಧರ್ಮಶಾಸ್ತ್ರಕಾರರು ಸುರಾಪಾನವನ್ನು ಪಂಚಮಹಾಪಾತಕಗಳಲ್ಲಿ ಎಣಿಸಿದರು. ಶುಕ್ರಾಚಾರ್ಯನು ತನ್ನ ಶಿಷ್ಯನಾದ ಕಚನ ಬೂದಿಯನ್ನು ಮದ್ಯದೊಡನೆ ಅರಿಯದೆ ಕುಡಿದು, ಬಳಿಕ ಪರಿತಪಿಸಿ ಆ ಪಾನಕ್ಕೆ ಶಾಪವನ್ನಿತ್ತನೆಂದು ಮಹಾಭಾರತವು ಹೇಳುತ್ತದೆ. ಯಾದವಕುಲವು ಪ್ರಭಾಸತೀರ್ಥದಲ್ಲಿ ಕುಡಿದು ತನ್ನನ್ನು ತಾನೇ ಕೊಂದುಕೊಂಡಿತು. ಆದರೆ ಕ್ಷೀರಸಾಗರವನ್ನು ಕಡೆದಾಗ ಅಮೃತವು ಹುಟ್ಟಿದ ಅಲೆಗಳಲ್ಲಿಯೇ ವಾರುಣಿಯೂ ಹುಟ್ಟಿದಳೆಂದು ಹೇಳುವವುಗಳೂ ನಮ್ಮ ಪುರಾಣಗಳೇ. ಕೊಡಗಿನಲ್ಲಂತೂ ಮದ್ಯವು ಪಿತೃಗಳ ಎಡೆಗೆ ಸಲ್ಲುವ ವಸ್ತುವಾಗಿದೆ. ಒಂದು ಮನೆಯಲ್ಲಿ ಪಾತಕವೆನಿಸಿದುದು ನೆರೆಮನೆಯಲ್ಲಿ ನೈವೇದ್ಯವಾಗಿರುವಾಗ, ದೋಷವು ವಸ್ತುವಿನಲ್ಲಿದೆಯೋ, ಕುಡಿಯುವವನಲ್ಲಿದೆಯೋ, ಕುಡಿಯುವ ರೀತಿಯಲ್ಲಿದೆಯೋ ಎಂಬ ಪ್ರಶ್ನೆಯು ವಿಚಾರಕ್ಕೆ ಯೋಗ್ಯವಾದುದು.

ಕೊಡವರ ಸಂಪ್ರದಾಯವನ್ನು ಹೊರಗಿನಿಂದ ನೋಡಿದವರು ಅಲ್ಲಿ ಕುಡಿತವನ್ನು ಮಾತ್ರ ಕಾಣುತ್ತಾರೆ; ಕಟ್ಟಳೆಯನ್ನು ಕಾಣುವುದಿಲ್ಲ. ಒಕ್ಕದ ಮೂಲಮನೆಯಾದ ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪವು ಉರಿಯುತ್ತಿರುವಾಗ, ಬಾಳೆಯೆಲೆಯ ಮೇಲೆ ಅಡುಗೆಯ ಎಲ್ಲ ಪದಾರ್ಥಗಳನ್ನೂ ಬಡಿಸಿ, ಜೊತೆಗೆ ಮದ್ಯವನ್ನಿಟ್ಟು, ಗುರುಕಾರಣರನ್ನು ನೆನೆದು ಮೀದಿ ಇಡುತ್ತಾರೆ. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದಿನಲ್ಲಿಯೂ, ಕಾರಣರಿಗೆ ಕೊಡುವ ವಿಧಿಯಲ್ಲಿಯೂ ಇದೇ ಕ್ರಮ. ಮೊದಲ ಪಾಲು ಗತಿಸಿದವರದು, ಉಳಿದುದು ಬದುಕಿರುವವರದು. ಅದೇ ಜನರು ಅಕ್ಟೋಬರ್ ತಿಂಗಳಿನಲ್ಲಿ ಬರುವ ಕಾವೇರಿ ಸಂಕ್ರಮಣದಂದು ಮಾಂಸವನ್ನು ಬಿಟ್ಟು ನೇಮದಿಂದಿರುವರು. ಅಂದಮೇಲೆ ಈ ಸಂಪ್ರದಾಯದಲ್ಲಿ ಭೋಗಕ್ಕೆ ಕಾಲವುಂಟು, ಸ್ಥಳವುಂಟು, ಹಿರಿಯರ ಸಾಕ್ಷ್ಯವುಂಟು. ತಾನು ಮುಟ್ಟುವುದಕ್ಕೆ ಮುಂಚೆ ಇತರರಿಗೆ ಕೊಡಬೇಕೆಂಬ ವಿಧಿಯುಂಟು.

ಇಂಥದೇ ಪರಿಮಿತಿಯು ಬೇರೊಂದು ರೂಪದಲ್ಲಿ ದೂರದೇಶದಲ್ಲಿಯೂ ಕಾಣುತ್ತದೆ. ಸ್ಕಾಟ್ಲೆಂಡಿನ ಪಶ್ಚಿಮ ಸಮುದ್ರದಲ್ಲಿರುವ ಐಲಾ ಎಂಬ ದ್ವೀಪದಲ್ಲಿ ಬೋಮೋರ್ ಭಟ್ಟಿಯು 1779ರಿಂದಲೂ, ಲಫ್ರೋಯ್ಗ್ ಭಟ್ಟಿಯು 1815ರಿಂದಲೂ ಹೆಸರಾಗಿವೆ. ಮರಗಳು ವಿರಳವಾದ ಆ ದ್ವೀಪದಲ್ಲಿ ಜವುಗುನೆಲದಿಂದ ಅಗೆದು ಒಣಗಿಸಿದ ಪೀಟ್ ಎಂಬ ಮಣ್ಣೇ ಜನರ ಸೌದೆಯಾಗಿತ್ತು. ನೆನೆಸಿ ಮೊಳೆಯಿಸಿದ ಬಾರ್ಲಿಯನ್ನು ಆ ಪೀಟಿನ ಹೊಗೆಯಲ್ಲಿ ಒಣಗಿಸಿ, ಹುಳಿಯಿಸಿ, ತಾಮ್ರದ ಪಾತ್ರೆಗಳಲ್ಲಿ ಬಟ್ಟಿಯಿಳಿಸಿ, ಓಕ್ ಮರದ ಪೀಪಾಯಿಗಳಲ್ಲಿ ತುಂಬಿಡುವರು. ಮೂರು ವರ್ಷಗಳು ತುಂಬುವ ಮುನ್ನ ಅದನ್ನು ಸ್ಕಾಚ್ ವಿಸ್ಕಿಯೆಂದು ಕರೆಯಲು ಆ ದೇಶದ ಕಾನೂನು ಒಪ್ಪುವುದಿಲ್ಲ. ಪೀಪಾಯಿಯಲ್ಲಿರುವಾಗ ವರ್ಷಕ್ಕೆ ನೂರಕ್ಕೆ ಸುಮಾರು 2 ಪಾಲು ಆವಿಯಾಗಿ ಹೋಗುತ್ತದೆ. ಇದನ್ನು ಅಲ್ಲಿಯ ಜನರು ದೇವದೂತರ ಪಾಲೆಂದು ಕರೆಯುವರು. ಪೀಟ್ ಎಂಬುದಾದರೋ ಸತ್ತ ಪಾಚಿಯೂ ಗಿಡಗಂಟಿಗಳೂ ನೀರಿನಲ್ಲಿ ಕೊಳೆಯದೆ ಕೂಡಿಕೂಡಿ ಆದ ವಸ್ತು. ಅದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನಷ್ಟು ಮಾತ್ರ ಬೆಳೆಯುವುದರಿಂದ, ಒಂದು ಮೀಟರ್ ಆಳದ ಪೀಟಿಗೆ ಸಾವಿರ ವರ್ಷಗಳು ಬೇಕು. ಆದುದರಿಂದ ಒಂದು ಬಟ್ಟಲಿನಲ್ಲಿ ಕಾಣುವ ಹೊಗೆಯ ವಾಸನೆಯು, ಅದನ್ನು ಕುಡಿಯುವವನೂ ಮಾಡಿದವನೂ ಗಳಿಸದೆ ಇದ್ದ ಆಸ್ತಿಯ ವೆಚ್ಚವಾಗಿದೆ.

ಕನ್ನಡನಾಡಿಗೂ ಈ ವಿದ್ಯೆಯು ಬಂದಿದೆ. ಬೆಂಗಳೂರಿನಲ್ಲಿ 1948ರಲ್ಲಿ ಸ್ಥಾಪಿತವಾದ ಅಮೃತ್ ಕಾರ್ಖಾನೆಯು 2004ರಲ್ಲಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿಯೇ ಮೊದಲು ಮಾರಾಟಕ್ಕಿಟ್ಟಿತು. ಬಳಿಕ ಭಾರತದ ಬಾರ್ಲಿಯೊಡನೆ ಸ್ಕಾಟ್ಲೆಂಡಿನ ಹೊಗೆಯುಂಡ ಬಾರ್ಲಿಯನ್ನು ಕೂಡಿಸಿದ ಬಗೆಯೊಂದು ಜಗತ್ತಿನಲ್ಲಿ ಖ್ಯಾತಿಯನ್ನು ಪಡೆಯಿತು. ಬೆಂಗಳೂರಿನ ಬಿಸಿಲಿನಲ್ಲಿ ದೇವದೂತರ ಪಾಲು ವರ್ಷಕ್ಕೆ ನೂರಕ್ಕೆ 10ನ್ನೂ ಮುಟ್ಟುವುದರಿಂದ, ಅಲ್ಲಿ ಕಾಯುವಿಕೆಗೆ ತೆರಬೇಕಾದ ಬೆಲೆಯು ಇನ್ನೂ ಹೆಚ್ಚು.

ಇವುಗಳನ್ನು ಆಧಾರವಾಗಿಟ್ಟುಕೊಂಡು ಒಂದು ಪೂರ್ವಪಕ್ಷವು ಹುಟ್ಟಬಹುದು. ಇಷ್ಟು ಶ್ರದ್ಧೆಯಿಂದ ತಯಾರಾದುದರಲ್ಲಿ ದೋಷವೇನು? ಪೂರ್ವಿಕರೇ ಸ್ವೀಕರಿಸುವುದನ್ನು ಮೊಮ್ಮಕ್ಕಳು ಸ್ವೀಕರಿಸಿದರೆ ತಪ್ಪೇನು? ಒಂದೆಡೆ ಕಲೆಯೂ ಮತ್ತೊಂದೆಡೆ ಸಂಪ್ರದಾಯವೂ ಮದ್ಯವನ್ನು ಶುದ್ಧಗೊಳಿಸಲಿಲ್ಲವೆ? ಈ ವಾದವು ನೋಟಕ್ಕೆ ಗಟ್ಟಿಯಾಗಿದ್ದರೂ ಅದರಲ್ಲಿ ಒಂದು ಬಿರುಕಿದೆ. ಮಾಡುವವನ ತಾಳ್ಮೆಯು ಕುಡಿಯುವವನಿಗೆ ದಾಯವಾಗಿ ಬರುವುದಿಲ್ಲ. ಹನ್ನೆರಡು ವರ್ಷ ಕಾದುದನ್ನು ಒಂದು ರಾತ್ರಿಯಲ್ಲಿ ಮುಗಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಹೊಗೆಯ ಬಗೆಗಳನ್ನು ಹೆಸರಿಸಿ ಹೇಳಬಲ್ಲ ರಸಿಕನೂ ತನ್ನ ಮನೆಯನ್ನು ಹಾಳುಮಾಡಬಲ್ಲನು. ಹಾಗೆಯೇ ಎಡೆಯಲ್ಲಿಟ್ಟ ಪಾತ್ರೆಯ ಪಾವಿತ್ರ್ಯವು ಅಂಗಡಿಯಲ್ಲಿ ಕೊಂಡ ಸೀಸೆಯನ್ನು ಹಿಂಬಾಲಿಸುವುದಿಲ್ಲ.

ಈ ಕಾಲದ ನಿಜವಾದ ಆಪತ್ತು ಇಲ್ಲಿದೆ. ಒಂದೇ ಮಾಡಿನ ಕೆಳಗೆ ಬಾಳುತ್ತಿದ್ದ ಒಕ್ಕಗಳು ಬೇರೆ ಬೇರೆ ತೋಟದ ಮನೆಗಳಾಗಿ ಚದುರಿವೆ; ಹಲವು ಐನ್‌ಮನೆಗಳ ಬಾಗಿಲು ಹಬ್ಬದಲ್ಲಿ ಮಾತ್ರ ತೆರೆಯುತ್ತದೆ. ಹಿರಿಯನ ಕಣ್ಣು ಮರೆಯಾಯಿತು, ಆದರೆ ಮದ್ಯವು ಮರೆಯಾಗಲಿಲ್ಲ. ಕಟ್ಟಳೆಯು ಸಡಿಲವಾದ ಮೇಲೂ ಕಟ್ಟಳೆಯ ಹೆಸರು ನೆಪಕ್ಕಾಗಿ ಉಳಿದಿದೆ. ‘ನಮ್ಮ ಹಿರಿಯರೂ ಕುಡಿದವರೇ’ ಎಂದು ಹೇಳುವವನು, ಹಿರಿಯರು ಯಾವ ದಿನ, ಯಾರ ಎದುರಿನಲ್ಲಿ, ಯಾರಿಗೆ ಕೊಟ್ಟು ಕುಡಿದರೆಂಬುದನ್ನು ಹೇಳುವುದಿಲ್ಲ. ತೋಟದ ಲೈನುಮನೆಗಳಲ್ಲಿ ವಾರದ ಕೂಲಿಯು ಅಡುಗೆಯ ಒಲೆಗೆ ತಲುಪುವ ಮೊದಲೇ ಅಂಗಡಿಗೆ ಸಂದುಹೋದಲ್ಲಿ, ಆ ಸೀಸೆಗೆ ಸಂಪ್ರದಾಯದ ನೆಪವೂ ಇಲ್ಲ. ಹಸಿದ ಮಗುವೊಂದೇ ಅದಕ್ಕೆ ಸಾಕ್ಷಿ.

ಇದರಿಂದ ಒಂದು ಕಠಿಣವಾದ ಧರ್ಮಸಂಕಟವು ಹುಟ್ಟುತ್ತದೆ. ಕುಡಿತಕ್ಕೆ ಸಿಕ್ಕಿ ನರಳಿ, ಬಹು ಕಷ್ಟದಿಂದ ಅದನ್ನು ಬಿಟ್ಟ ಒಬ್ಬ ಮಗನಿರುವ ಮನೆಯಲ್ಲಿ ಪಿತೃಗಳ ಎಡೆಯು ಬಂದರೆ ಆ ಪಾತ್ರೆಯನ್ನು ಇಡಬೇಕೆ? ಇಟ್ಟರೆ ಬದುಕಿರುವವನಿಗೆ ಆಪತ್ತು. ಇಡದಿದ್ದರೆ ಗತಿಸಿದವರಿಗೆ ಲೋಪವೆಂಬ ಅಳುಕು. ಮುದುಕಿಯಾದ ಅಜ್ಜಿಯೊಬ್ಬಳು ಇಡಬೇಕೆಂದು ಕಣ್ಣೀರಿಟ್ಟರೆ ಆಕೆಯನ್ನು ಮೂಢಳೆಂದು ಜರೆಯುವುದು ನ್ಯಾಯವಲ್ಲ. ಆಕೆಯು ಕೇಳುತ್ತಿರುವುದು ಮದ್ಯವನ್ನಲ್ಲ; ತನ್ನವರ ನೆನಪು ತಪ್ಪದಿರಲೆಂಬುದನ್ನು.

ಆದರೆ ಎಡೆಯ ಅರ್ಥವನ್ನೇ ವಿಚಾರಿಸಿದರೆ ದಾರಿಯು ತೋರುತ್ತದೆ. ಎಡೆಯೆಂದರೆ ಋಣದ ಅಂಗೀಕಾರ. ತಾನು ಉಣ್ಣುವುದು ತಾನೊಬ್ಬನೇ ಗಳಿಸಿದುದಲ್ಲ, ಗದ್ದೆಯನ್ನು ಕಡಿದವರೂ ಮನೆಯನ್ನು ಕಟ್ಟಿದವರೂ ಬೇರೆಯವರು, ಎಂದು ಒಪ್ಪಿಕೊಂಡು ತನ್ನ ಪಾಲಿನಿಂದ ಒಂದು ಭಾಗವನ್ನು ಬಿಡುವುದೇ ಅದರ ಸಾರ. ಬಿಡುವುದೇ ಸಾರವಾದರೆ, ಅಂಥ ಮನೆಯಲ್ಲಿ ಪೂರ್ತಿಯಾಗಿ ಬಿಟ್ಟುಬಿಡುವುದೇ ದೊಡ್ಡ ಎಡೆಯಾಗುತ್ತದೆ. ವಂಶವು ಉಳಿಯಲೆಂದು ಬಯಸುವ ಕಾರಣರು ವಂಶದ ಕುಡಿಯನ್ನು ಬಲಿಕೊಟ್ಟು ತಮ್ಮ ಪಾತ್ರೆಯನ್ನು ತುಂಬಿರೆಂದು ಕೇಳಲಾರರು. ಅನ್ನವನ್ನೂ ದೀಪವನ್ನೂ ಇಟ್ಟು, ಆ ಒಂದು ಪಾತ್ರೆಯ ಸ್ಥಳವನ್ನು ಬರಿದಾಗಿ ಬಿಟ್ಟರೆ ವಿಧಿಯು ಕೆಡುವುದಿಲ್ಲ. ಅದರ ಅಭಿಪ್ರಾಯವು ಇನ್ನಷ್ಟು ಸ್ಪಷ್ಟವಾಗುತ್ತದೆ.

ಹಾಗಾದರೆ ಎಲ್ಲ ಮನೆಗಳಿಗೂ ಇದನ್ನೇ ಕಾನೂನಾಗಿ ವಿಧಿಸಬಾರದೆ ಎಂದು ಕೆಲವರು ಕೇಳಬಹುದು. 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ 47ನೆಯ ಅನುಚ್ಛೇದದಲ್ಲಿ ಪಾನನಿಷೇಧವನ್ನು ರಾಜ್ಯದ ಗುರಿಯೆಂದು ಹೇಳಿದೆ; ಕರ್ನಾಟಕವು 2007ರ ಜುಲೈಯಲ್ಲಿ ಸಾರಾಯಿಯನ್ನು ನಿಷೇಧಿಸಿತು. ಅಮೆರಿಕಾ ದೇಶವು 1920ರಲ್ಲಿ ಮದ್ಯವನ್ನು ನಿಷೇಧಿಸಿ, 1933ರಲ್ಲಿ ಆ ನಿಷೇಧವನ್ನು ಹಿಂದಕ್ಕೆ ತೆಗೆದುಕೊಂಡಿತು. ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಬಹುದು, ದುರ್ಬಲನಿಗೆ ಸ್ವಲ್ಪ ಅವಕಾಶವನ್ನು ಕಲ್ಪಿಸಬಹುದು, ಅದು ನಿರರ್ಥಕವಲ್ಲ. ಆದರೆ ‘ಇಂದು ಸಾಕು’ ಎಂದು ಹೇಳುವ ಹಿರಿಯನ ಸ್ಥಾನದಲ್ಲಿ ಅದು ಕುಳಿತುಕೊಳ್ಳಲಾರದು. ಆ ಸ್ಥಾನವನ್ನು ಪ್ರತಿಯೊಂದು ಮನೆಯೂ ತಾನೇ ತುಂಬಿಕೊಳ್ಳಬೇಕು.

ಇಷ್ಟರಿಂದ, ದೋಷವು ಕೇವಲ ವಸ್ತುವಿನಲ್ಲಿಯೂ ಇಲ್ಲ, ಸಂಪ್ರದಾಯವು ಕೇವಲ ತನ್ನ ಪ್ರಾಚೀನತೆಯಿಂದ ನಿರ್ದೋಷವೂ ಅಲ್ಲವೆಂದು ತಿಳಿಯಬೇಕಾಗಿದೆ. ಯಾವ ಭೋಗವು ಮೊದಲು ಮತ್ತೊಬ್ಬರ ಪಾಲನ್ನು ನೆನೆಯುತ್ತದೆಯೋ, ಆ ಪಾಲಿಗೆ ಕುಂದು ಬರುವಲ್ಲಿ ತಾನಾಗಿ ಹಿಂದೆಗೆಯುತ್ತದೆಯೋ, ಅದು ಮನುಷ್ಯನಿಗೆ ಯೋಗ್ಯವಾದುದು. ಗತಿಸಿದವರಿಗೆ ಪಾಲನ್ನು ಕೊಡುವುದು ಸುಲಭ. ಅವರು ಪಾತ್ರೆಯನ್ನು ಇದ್ದಂತೆಯೇ ಹಿಂದಿರುಗಿಸುತ್ತಾರೆ. ಎದುರಿಗೆ ಕುಳಿತಿರುವ ಹೆಂಡತಿಮಕ್ಕಳ ಪಾಲನ್ನು ಮೊದಲು ಎತ್ತಿಡುವುದು ಅದಕ್ಕಿಂತ ಕಷ್ಟವಾದ ಎಡೆಯು. ಐನ್‌ಮನೆಯ ದೀಪದ ಎದುರಿನಲ್ಲಿ ನಿಂತು ಹಿರಿಯರನ್ನು ಕರೆಯುವ ಅಧಿಕಾರವು ಆ ಎಡೆಯನ್ನು ತಪ್ಪದೆ ಇಟ್ಟವನಿಗೇ ಸಲ್ಲತಕ್ಕದ್ದು.